ಆವಿಯಲ್ಲಿ ಬೆಂದ ಮಣ್ಣು

ಲಂಡನ್ ನಗರದ ಉತ್ತರಕ್ಕೆ ಲೀ ಎಂಬ ನದಿಯ ಕಣಿವೆಯುಂಟು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಅಲ್ಲಿ ಎತ್ತ ನೋಡಿದರೂ ಗಾಜಿನ ಮನೆಗಳೇ. ವಾಚಕರು ಲಾಲ್‌ಬಾಗಿನ ಗಾಜಿನ ಮನೆಯನ್ನು ನೆನೆಯಬಾರದು. ಇವು ಚಳಿನಾಡಿನಲ್ಲಿ ಟೊಮ್ಯಾಟೊ, ಸೌತೆ ಬೆಳೆಯಲು ಕಟ್ಟಿದ ಬೆಚ್ಚನೆಯ ಹೊಲಗಳು.

ಆದರೆ ಗಿಡಕ್ಕೆ ಹಿತವಾದ ಬೆಚ್ಚನೆಯ ಹವೆ ಗಿಡದ ಶತ್ರುವಿಗೂ ಹಿತವೇ. ಬಯಲಿನ ರೈತನು ಈ ವರ್ಷ ಟೊಮ್ಯಾಟೊ ನೆಟ್ಟಲ್ಲಿ ಮುಂದಿನ ವರ್ಷ ಬೇರೆ ಬೆಳೆ ಹಾಕಿಯಾನು. ಗಾಜಿಗೂ ಬಿಸಿನೀರಿನ ಕೊಳವೆಗಳಿಗೂ ಹಣ ಸುರಿದವನಿಗೆ ಆ ಸ್ವಾತಂತ್ರ್ಯವೆಲ್ಲಿ? ವರ್ಷವರ್ಷವೂ ಅದೇ ಮಣ್ಣು, ಅದೇ ಬೆಳೆ. ಮೊದಮೊದಲು ಸೊಂಪಾಗಿ ಫಲಿಸಿದ ಗಿಡಗಳು ಬರಬರುತ್ತ ನಡುಹಗಲಿನಲ್ಲಿ ಬಾಡತೊಡಗುತ್ತಿದ್ದುವು. ಕಿತ್ತು ನೋಡಿದರೆ ಬೇರು ಕಂದಿ ಬೆಂಡಿನಂತೆ ಬಿರಿದಿರುತ್ತಿತ್ತು, ಇಲ್ಲವೆ ಮೈತುಂಬ ಗಂಟು. ಬೆಳೆಗಾರರು ಇದನ್ನು ಮಣ್ಣಿನ ಬೇನೆಯೆಂದರು. ಸೊರಗುರೋಗದ ಶಿಲೀಂಧ್ರಗಳು, ಬೇರನ್ನು ಗಂಟುಕಟ್ಟಿಸುವ ಸೂಕ್ಷ್ಮವಾದ ಜಂತುಹುಳು, ಹೀಗೆ ದೋಷಿಗಳು ಹಲವರು. ಮಣ್ಣನ್ನೇ ಅಗೆದು ಹೊರಹಾಕಿ ಹೊಸಮಣ್ಣು ತುಂಬಿದವರೂ ಉಂಟು. ಎಂತಹ ದುಡಿಮೆ!

ಇದಕ್ಕಿಂತ ಒಳ್ಳೆಯ ಉಪಾಯ ಆವಿಯದು. ರಂಧ್ರಗಳುಳ್ಳ ಕೊಳವೆಗಳನ್ನು ಮಣ್ಣಿನಲ್ಲಿ ಹೂತು, ಮೇಲೆ ಹೊದಿಕೆ ಹಾಸಿ, ಬಾಯ್ಲರಿನ ಆವಿಯನ್ನು ನುಗ್ಗಿಸುವರು. ಈ ಕೊಳವೆಗಳಿಗೆ ಆ ಕಣಿವೆಯ ಹಾಡ್ಸ್‌ಡನ್ ಊರಿನ ಹೆಸರೇ ಅಂಟಿಕೊಂಡಿತು. ತಣ್ಣನೆಯ ಕಣವನ್ನು ಮುಟ್ಟಿದೊಡನೆ ಆವಿ ನೀರಾಗಿ, ಗ್ರಾಮಿಗೆ ಸುಮಾರು 540 ಕ್ಯಾಲೊರಿ ಗುಪ್ತೋಷ್ಣವನ್ನು ಅಲ್ಲಿಯೇ ಬಿಟ್ಟುಕೊಡುತ್ತದೆ. ಕುದಿನೀರಿಗೆ ಈ ಶಕ್ತಿಯಿಲ್ಲ.

ಹೀಗೆ ಬೆಂದ ಮಣ್ಣಿನಲ್ಲಿ ಗಿಡಗಳು ಗೊಬ್ಬರವುಂಡಂತೆ ಕೊಬ್ಬುವುದೊಂದು ಸೋಜಿಗ. ಬಿಸಿಮಾಡಿದ ಮಣ್ಣಿನಲ್ಲಿ ಅಮೋನಿಯ ಹೆಚ್ಚುವುದೆಂದು ರಾಥಮ್‌ಸ್ಟೆಡ್ಡಿನ ರಸೆಲ್ ಮತ್ತು ಹಚಿನ್‌ಸನ್ 1909ರಲ್ಲಿ ತೋರಿಸಿದರು. ಸತ್ತ ಜೀವಿಗಳ ಸಾರಜನಕವನ್ನು ಬದುಕುಳಿದ ಬ್ಯಾಕ್ಟೀರಿಯಗಳು ಅಮೋನಿಯವಾಗಿಸುತ್ತವೆ. ಅದನ್ನು ನೈಟ್ರೇಟಾಗಿ ಮಾರ್ಪಡಿಸುವ ಬ್ಯಾಕ್ಟೀರಿಯಗಳಾದರೋ ಶಾಖಕ್ಕೆ ಬೇಗ ಸಾಯುತ್ತವೆ. ಅಮೋನಿಯ ಮಿತಿಮೀರಿದರೆ ಎಳೆಬೇರು ಸುಡುವುದೂ ಉಂಟು.

ಇನ್ನೊಂದು ಅಪಾಯ ಹೆಚ್ಚು ಘನವಾದುದು. 100 ಡಿಗ್ರಿ ಶಾಖಕ್ಕೆ ಶತ್ರುವಿನೊಡನೆ ಮಿತ್ರನೂ ಮಡಿಯುತ್ತಾನೆ. ಆವಿ ತಲಪದ ಆಳದಿಂದಲೋ ಕೆಲಸಗಾರನ ಬೂಟಿನಿಂದಲೋ ರೋಗ ಮರಳಿದರೆ, ಬರಿದಾದ ಮಣ್ಣಿನಲ್ಲಿ ಅದನ್ನು ತಡೆಯುವವರಿಲ್ಲ. ಕ್ಯಾಲಿಫೋರ್ನಿಯದ ಕೆನೆತ್ ಬೇಕರ್ ಅವರ ಮಾರ್ಗ ಇಲ್ಲಿ ವಿವೇಕದ್ದೆನ್ನಬೇಕು: ಆವಿಗೆ ಗಾಳಿ ಬೆರೆಸಿ, 60 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸುವುದು. ಬಹುಪಾಲು ರೋಗಾಣುಗಳು ಸಾಯುತ್ತವೆ. ಉಪಕಾರಿಗಳಲ್ಲಿ ಹಲವು ಉಳಿಯುತ್ತವೆ.

ಆವಿಯ ಖರ್ಚಿಗೆ ಅಂಜಿದವರು ಮೀಥೈಲ್ ಬ್ರೋಮೈಡ್ ಅನಿಲವನ್ನು ಹಿಡಿದರು. ಅದು ಓಜೋನ್ ಪದರವನ್ನು ಕೆಡಿಸುವುದರಿಂದ, ಮಾಂಟ್ರಿಯಲ್ ಒಪ್ಪಂದದ ಪ್ರಕಾರ, ಕೆಲವು ವಿನಾಯಿತಿಗಳನ್ನುಳಿದು, ಮುಂದುವರಿದ ದೇಶಗಳು 2005ಕ್ಕೂ ಉಳಿದವು 2015ಕ್ಕೂ ಅದನ್ನು ಕೈಬಿಡಬೇಕಾಯಿತು.

ಜಂತುಹುಳುವನ್ನು ಎದುರಿಸುವ ಗುಣವೊಂದನ್ನು ಪೆರು ದೇಶದ ಕಾಡು ಟೊಮ್ಯಾಟೊದಿಂದ ತಳಿಗಳಿಗೆ ತಂದಿದ್ದಾರೆ. ಆದರೆ ಮಣ್ಣಿನ ಶಾಖ 28 ಡಿಗ್ರಿ ಮೀರಿದರೆ ಆ ಗುಣ ಕುಗ್ಗುತ್ತದೆ. ನಮ್ಮ ಬಯಲುಸೀಮೆಯ ಪ್ಲಾಸ್ಟಿಕ್ ಮನೆಗಳಲ್ಲಿ ಬೇಸಗೆಯ ಬೆಳೆಗೆ ಇದು ಚಿಂತೆಯ ವಿಷಯವೇ. ಅದೇ ಬಿಸಿಲನ್ನು ಆಯುಧವಾಗಿಸುವ ದಾರಿಯನ್ನು ಇಸ್ರೇಲಿನ ಕಟಾನ್ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದರು. ಬೆಳೆಯಿಲ್ಲದ ಕಡುಬೇಸಗೆಯಲ್ಲಿ ನೆಲವನ್ನು ತೋಯಿಸಿ, ಪಾರದರ್ಶಕವಾದ ತೆಳು ಪಾಲಿಥೀನ್ ಹಾಳೆಯನ್ನು ಬಿಗಿಯಾಗಿ ಹೊದಿಸಿ, ನಾಲ್ಕಾರು ವಾರ ಬಿಟ್ಟರಾಯಿತು. ಹಾಳೆ ಕಪ್ಪಾಗಿರಬಾರದು, ಬೆಳಕು ಒಳಹೊಕ್ಕು ಮಣ್ಣನ್ನೇ ಕಾಯಿಸಬೇಕು.