ಬೀಗದಕೈ ಯಾರ ಕೈಯಲ್ಲಿ?

ನಮ್ಮ ಗಡಿನಾಡಿನ ಸಂಘವೊಂದು ಹೊರನಾಡಿನ ಕನ್ನಡ ಮನೆತನಗಳ ಪಟ್ಟಿಯನ್ನು ತನ್ನ ಜಾಲತಾಣದಲ್ಲಿ ಜೋಪಾನವಾಗಿರಿಸಿತ್ತು. ಒಂದು ಸಂಜೆ ಅದು ಮಾಯವಾಯಿತು. ತಿದ್ದುವ ಗುಂಡಿಯ ಪಕ್ಕದಲ್ಲಿಯೇ ಅಳಿಸುವ ಗುಂಡಿ. ಪಾರುಪತ್ಯ ವಹಿಸಿದ್ದವರ ಬೆರಳು ತಪ್ಪಿತು. ತಪ್ಪು ಬೆರಳಿನದೆಂದು ನಾವು ಒಪ್ಪಲಾರೆವು; ಗುಂಡಿಯನ್ನು ಅಲ್ಲಿರಿಸಿದವರದು.

2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ನೋಡಿರಿ. ಅಲ್ಲಿ ಪುಟವನ್ನು ಅಳಿಸುವ, ಕಿಡಿಗೇಡಿಗಳನ್ನು ತಡೆಯುವ ಅಧಿಕಾರ ನಿರ್ವಾಹಕರದು. ಆದರೆ ಅಳಿಸಿದ ಪುಟ ನಾಶವಾಗದು. ಓದುಗರ ಕಣ್ಣಿಗೆ ಮರೆಯಾಗಿ ಒಳಗೇ ಉಳಿದಿರುತ್ತದೆ. ಇನ್ನೊಬ್ಬ ನಿರ್ವಾಹಕರು ಅದನ್ನು ಮರಳಿ ತರಬಲ್ಲರು. ಯಾರು, ಎಂದು, ಯಾವುದನ್ನು ಅಳಿಸಿದರೆಂಬುದು ತಾನಾಗಿಯೇ ದಾಖಲೆಗೆ ಸೇರುತ್ತದೆ. ಆ ದಾಖಲೆಯನ್ನು ಓದಲು ಯಾರಿಗೂ ಅಡ್ಡಿಯಿಲ್ಲ. ಶಾನುಭೋಗರ ಕಡತವನ್ನು ಊರಕಟ್ಟೆಯ ಮೇಲೆ ಬಿಡಿಸಿಟ್ಟಂತೆ!

ಬಹಳಷ್ಟು ಸಣ್ಣ ಜಾಲತಾಣಗಳಿಗೆ ಆಧಾರವಾಗಿರುವ ವರ್ಡ್‌ಪ್ರೆಸ್ಸಿನಲ್ಲಿಯೂ 2009ರ ಕೊನೆಯಲ್ಲಿ ಕಸದಬುಟ್ಟಿಯ ಏರ್ಪಾಡು ಬಂದಿತು. ಅಳಿಸಿದ ಬರಹ ಸಾಮಾನ್ಯವಾಗಿ 30 ದಿನ ಅಲ್ಲಿ ಕಾದಿರುತ್ತದೆ. ಇನ್ನೂ ಮೆಚ್ಚತಕ್ಕದ್ದು ಅಲ್ಲಿಯ ಅಧಿಕಾರದ ಹಂಚಿಕೆ. ಲೇಖನ ಕೊಡುವವನು ಬರೆಯಬಲ್ಲ, ಪ್ರಕಟಿಸಲಾರ. ಸಂಪಾದಕನು ಎಲ್ಲರ ಬರಹ ತಿದ್ದಬಲ್ಲ, ಸದಸ್ಯರನ್ನು ತೆಗೆದುಹಾಕಲಾರ. ಉತ್ಸವದ ಚಿತ್ರಗಳನ್ನು ಏರಿಸುವ ಹುಡುಗನಿಗೆ ಇಡೀ ಭಂಡಾರದ ಬೀಗದಕೈ ಏತಕ್ಕೆ? ನಮ್ಮ ಸಂಘಗಳಲ್ಲಿ ಒಂದೇ ಗುಪ್ತಪದ ಐದಾರು ಮಂದಿಯ ಬಾಯಲ್ಲಿರುವುದನ್ನು ನಾವೇ ಕಂಡಿದ್ದೇವೆ.

ಆ ಪಟ್ಟಿಯನ್ನು ಕಡೆಗೆ ಹಿರಿಯ ಖಜಾಂಚಿಯವರ ಹಳೆಯ ಚಂದಾ ಪುಸ್ತಕದಿಂದ ಮತ್ತೆ ಬರೆದುಕೊಂಡರು. ನಾಲ್ಕು ಮನೆತನಗಳ ವಿಳಾಸ ಇನ್ನೂ ಸಿಕ್ಕಿಲ್ಲ.