ಸೂಜಿ ಮಾಡದ ಡಾಕ್ಟರ್

ಆಸ್ಪತ್ರೆ ಆಡಳಿತದಲ್ಲಿ ಎಂ.ಎಚ್.ಎ. ಮುಗಿಸಿದ ಮಗಳು "ಅವ್ವಾ, ನಾ ಇನ್ನ ಪಿಎಚ್.ಡಿ. ಮಾಡ್ತೀನಿ" ಅಂದರೆ ನೀವೇನು ಹೇಳುವಿರಿ? ನಮ್ಮ ಯಾದಗಿರಿ ಓಣಿಯಲ್ಲಾದರೆ ಮೊದಲ ಪ್ರಶ್ನೆ, "ಡಾಕ್ಟರ್ ಆದ ಮ್ಯಾಲೆ ಸೂಜಿ ಮಾಡ್ತಾಳೇನು?" ಎರಡನೆಯದು ಮದುವೆಯದು.

ಸೂಜಿ ಮಾಡುವುದಿಲ್ಲ. ಮದುವೆ ಮನೆಯಲ್ಲಿ ಒಗ್ಗರಣೆ ಹಾಕುವವಳು ಒಬ್ಬಳು. ಅಕ್ಕಿ ಬಂತೇ, ಎಷ್ಟು ಪಂಕ್ತಿ, ನೀರು ಎಲ್ಲಿ ಕಡಿಮೆ ಬಿತ್ತು ಅಂತ ನೋಡುವವಳು ಇನ್ನೊಬ್ಬಳು. ಈ ಓದು ಎರಡನೆಯವಳದು. ಸುರಪುರ ಕಡೆಯ ಗರ್ಭಿಣಿಯನ್ನು ತಾಲೂಕು ಆಸ್ಪತ್ರೆಯಿಂದ ಯಾದಗಿರಿಗೆ, ಅಲ್ಲಿಂದ ಕಲಬುರಗಿಗೆ ಕಳಿಸಿದರೆ ದಾರಿಯಲ್ಲಿ ಹೋದ ತಾಸುಗಳೆಷ್ಟು? ಶಹಾಪುರದಿಂದ ಬೆಂಗಳೂರಿಗೆ ದುಡಿಯಲು ಹೋದವರ ಕೂಸಿಗೆ ಲಸಿಕೆ ತಪ್ಪದಂತೆ ಹೇಗೆ ನೋಡುವುದು? ಇಂಥವೇ ಸಂಶೋಧನೆಯ ವಿಷಯ. 2018ರಲ್ಲಿ ಕೇಂದ್ರ ಸರ್ಕಾರ ಹಿಂದುಳಿದ ಜಿಲ್ಲೆಗಳನ್ನು ಮೇಲೆತ್ತಲು ಆರಿಸಿದಾಗ ಕರ್ನಾಟಕದಿಂದ ಸೇರಿದವು ರಾಯಚೂರು ಮತ್ತು ಯಾದಗಿರಿ ಎರಡೇ. ಬೇಸರದ ಮಾತು ಹೌದು; ಆದರೆ ಓದುವವಳಿಗೆ ಪ್ರಶ್ನೆ ಹೊಸ್ತಿಲಲ್ಲೇ ಇದೆಯಲ್ಲ!

ಮೊದಲು ಒಂದು ಕೇಳಿಬಿಡಿ: ಆಕೆಗೆ ಬೇಕಾದದ್ದು ಆಸ್ಪತ್ರೆ ನಡೆಸುವ ಕೆಲಸವೇ? ಹಾಗಾದರೆ ಎಂ.ಎಚ್.ಎ. ಸಾಕು. ಪಾಠ ಮಾಡಬೇಕು, ಸಂಶೋಧನೆ ಮಾಡಬೇಕು ಅಂದರೆ ಮಾತ್ರ ಮುಂದೆ ನೋಡಿ.

ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಪಿಎಚ್.ಡಿ. ಅಂತ ಯಾರಾದರೂ ಅಂದರೆ ನಂಬಬೇಡಿರಮ್ಮ. ಯುಜಿಸಿಯ 2022ರ ನಿಯಮದಂತೆ ದೂರಶಿಕ್ಷಣದಲ್ಲಾಗಲಿ ಆನ್‌ಲೈನಿನಲ್ಲಾಗಲಿ ಪಿಎಚ್.ಡಿ. ಇಲ್ಲ. ಪಾರ್ಟ್‌ಟೈಮ್ ಉಂಟು, ನೌಕರಿಯಲ್ಲಿದ್ದರೆ ಕಚೇರಿಯ ಒಪ್ಪಿಗೆ ಪತ್ರ ಬೇಕು. ಯುಜಿಸಿ ಮಾನ್ಯತೆ ಇದ್ದರೂ ಕಣ್ಣು ಮುಚ್ಚುವಂತಿಲ್ಲ. ನಿಯಮ ಮೀರಿದ್ದಕ್ಕೆ 2025ರ ಜನವರಿಯಲ್ಲಿ ರಾಜಸ್ಥಾನದ ಮೂರು ವಿಶ್ವವಿದ್ಯಾಲಯಗಳು ಐದು ವರ್ಷ ಪಿಎಚ್.ಡಿ. ಪ್ರವೇಶ ಕೊಡದಂತೆ ಯುಜಿಸಿ ತಡೆಯಿತು. ಅಲ್ಲಿ ದುಡ್ಡು ಕಟ್ಟಿದ ತಾಯಂದಿರ ಹೊಟ್ಟೆ ಎಷ್ಟು ಉರಿದಿರಬೇಕು!

ಇನ್ನು ಗೈಡ್. ನನ್ನ ಕೇಳಿದರೆ ಕಟ್ಟಡಕ್ಕಿಂತ ಗೈಡ್ ಮುಖ್ಯ. ಕಲಬುರಗಿ ಹತ್ತಿರ ಅಂತ 1980ರ ಗುಲಬರ್ಗಾ ವಿಶ್ವವಿದ್ಯಾಲಯವನ್ನೋ 2009ರಲ್ಲಿ ಶುರುವಾದ ಕೇಂದ್ರೀಯ ವಿಶ್ವವಿದ್ಯಾಲಯವನ್ನೋ ನೋಡುವುದು ಸಹಜ. ಅಲ್ಲಿ ಆರೋಗ್ಯದ ವಿಷಯ ತೆಗೆದುಕೊಳ್ಳುವ ಗೈಡ್ ಇದ್ದಾರೆಯೇ ವಿಚಾರಿಸಿ. ಇಲ್ಲವಾದರೆ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ತಿರುವನಂತಪುರದ ಅಚ್ಯುತ ಮೆನನ್ ಕೇಂದ್ರ ಇವೆ. ಒಬ್ಬ ಪ್ರೊಫೆಸರ್ 8, ಅಸೋಸಿಯೇಟ್ 6, ಅಸಿಸ್ಟೆಂಟ್ 4 ಮಂದಿಗಿಂತ ಹೆಚ್ಚು ವಿದ್ಯಾರ್ಥಿಗಳನ್ನು ಇಟ್ಟುಕೊಳ್ಳುವಂತಿಲ್ಲ. ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಸಂಕೋಚ ಬಿಟ್ಟು ಕೇಳಿ. ಅವರ ಕೈಕೆಳಗೆ ಓದಿದ ಹುಡುಗಿಯೊಬ್ಬಳಿಗೆ ಫೋನ್ ಹಚ್ಚಿಸಿ. ಬರೆದದ್ದನ್ನು ಎಷ್ಟು ದಿನಕ್ಕೆ ಓದಿ ಕೊಡುತ್ತಾರೆ ಅನ್ನುವುದು ಅವಳ ಬಾಯಿಂದಲೇ ಬರಲಿ.

ಮದುವೆಯ ಪ್ರಶ್ನೆ ಉಳಿಯಿತು. ಪಿಎಚ್.ಡಿ.ಗೆ ಕನಿಷ್ಠ 3 ವರ್ಷ, ಗರಿಷ್ಠ 6. ಮರುನೋಂದಣಿಯಿಂದ 2 ವರ್ಷ ಸಿಗಬಹುದು, ಹೆಣ್ಣುಮಕ್ಕಳಿಗೆ ಅದರ ಮೇಲೂ 2. ಬಾಣಂತನಕ್ಕೆ 240 ದಿನದ ರಜೆಗೆ ಅವಕಾಶವಿದೆ. ಗಂಡನ ಊರಿಗೆ ಹೋಗಬೇಕಾದರೆ ಮಾಡಿದ ಸಂಶೋಧನೆಯನ್ನು ಬೇರೆ ವಿಶ್ವವಿದ್ಯಾಲಯಕ್ಕೆ ಒಯ್ಯಲೂ ನಿಯಮವಿದೆ. ಬೀಗರು "ಮದುವೆ ಆದ ಮ್ಯಾಲೆ ಓದ್ಲಿ ಬಿಡ್ರಿ" ಅಂದಾಗ ನಕ್ಕು ಸುಮ್ಮನಾಗದೆ, ಇದನ್ನೆಲ್ಲ ನಿಶ್ಚಯದ ದಿನವೇ ನಾಲ್ಕು ಜನರ ಮುಂದೆ ಆಡಿಬಿಡಿ.

ಖರ್ಚಿನ ಮಾತಿಗೆ, ನೆಟ್ ಪರೀಕ್ಷೆಯಲ್ಲಿ ಜೆ.ಆರ್.ಎಫ್. ಬಂದರೆ 2023ರಿಂದ ತಿಂಗಳಿಗೆ 37,000 ರೂಪಾಯಿ. ಮ್ಯಾನೇಜ್‌ಮೆಂಟ್ ವಿಷಯದಲ್ಲೂ ಬರೆಯಬಹುದು. ನಮ್ಮ ಭಾಗದವರಿಗೆ 371(ಜೆ) ಇದೆ. ಸಹಾಯಕ ಆಯುಕ್ತರ ಕಚೇರಿಯಿಂದ ಅರ್ಹತಾ ಪತ್ರ ಮಾಡಿಸಿಟ್ಟು, ಆ ಕೋರ್ಸಿಗೆ ಅದು ಅನ್ವಯಿಸುತ್ತದೆಯೇ ಎಂದು ಅರ್ಜಿ ಹಾಕುವ ಮೊದಲೇ ಕೇಳಿಕೊಳ್ಳಿ. ಪತ್ರಕ್ಕೆ ಓಡಾಡುವ ಕೆಲಸ ಮಗಳ ಅಪ್ಪನಿಗೆ ಬಿಡಿ, ಅಷ್ಟಾದರೂ ಮಾಡಲಿ.