ಎತ್ತರದ ಅಂಕಿಗಳು ನಕಾಶೆಗೆ ಇಳಿದ ಬಗೆ

ಕಳೆದ ಬೇಸಿಗೆಯ ರಜೆಯಲ್ಲಿ ಊರಿಗೆ ಹೋದಾಗ ನಮ್ಮ ಕಾಕಾ ನನಗೊಂದು ಪ್ರಶ್ನೆ ಹಾಕಿದರು. ನಮ್ಮೂರು ದೂಧಗಂಗೆಯ ದಂಡೆಯ ಮೇಲಿದೆ. 2019ರ ಆಗಸ್ಟ್ ತಿಂಗಳ ಮಹಾಪೂರದಲ್ಲಿ ಕಾಕಾ ಅವರ ಮನೆಯ ಎರಡು ಗೋಡೆಗಳು ಕುಸಿದವು. 2021ರ ಜುಲೈಯಲ್ಲಿ ನೀರು ಮತ್ತೆ ಹೊಸ್ತಿಲಿಗೆ ಬಂದಿತು. ಅಂದಿನಿಂದ ಅವರು ತಗಡಿನ ಶೆಡ್ಡಿನಲ್ಲಿದ್ದಾರೆ. ಊರ ಗುಡಿಯ ಹಿಂದೆ ಅವರದೇ ಇನ್ನೊಂದು ಖಾಲಿ ಜಾಗವಿದೆ. ಮನೆಯನ್ನು ಹಳೆಯ ಸ್ಥಳದಲ್ಲಿಯೇ ಎತ್ತಬೇಕೋ, ಅಲ್ಲಿ ಕಟ್ಟಬೇಕೋ ಎಂಬುದು ಅವರ ಚಿಂತೆ.

"ತಮ್ಮಾ, ನೀ ಭೂಗೋಳ ಓದಾಂವ. ಕಂಪ್ಯೂಟರದಾಗ ಎಲ್ಲಾ ಊರಿನ ಎತ್ತರಾ ಇರತೈತಿ ಅಂತಾರಲ್ಲ. ಹೊಸಾ ಜಾಗಾ ಎತ್ತರ ಐತೋ, ಹಳೇದ ಎತ್ತರ ಐತೋ, ಅಷ್ಟ ನೋಡಿ ಹೇಳು" ಎಂದರು.

ಇದೇನು ಮಹಾ ಕೆಲಸವೆಂದು ನಾನು ಒಪ್ಪಿಕೊಂಡೆನು. ಆ ಒಪ್ಪಿಗೆಯಿಂದ ನಾನು ಕಲಿತದ್ದನ್ನು ಸಹಪಾಠಿಗಳ ಮುಂದಿಡುವದೇ ಈ ಲೇಖನದ ಉದ್ದೇಶ. ಭೂಗೋಳ ವಿಭಾಗದ ಗುರುಗಳಿಗೆ ಇದರಲ್ಲಿ ಹೊಸದೇನೂ ಇರಲಾರದು, ಅವರು ಕ್ಷಮಿಸಬೇಕು.

ಮೊದಲು ಈ ಎತ್ತರದ ಅಂಕಿಗಳು ಎಲ್ಲಿಂದ ಬಂದವೆಂಬುದನ್ನು ನೋಡೋಣ. 2000ನೆಯ ಇಸವಿಯ ಫೆಬ್ರುವರಿ 11ರಂದು ಅಮೇರಿಕೆಯ 'ಎಂಡೆವರ್' ಎಂಬ ವ್ಯೋಮನೌಕೆಯು ಹಾರಿತು. ಅದರ ಹೊಟ್ಟೆಯಲ್ಲೊಂದು ರೇಡಾರ್, ಪಕ್ಕಕ್ಕೆ ಚಾಚಿದ 60 ಮೀಟರ್ ಉದ್ದದ ತೋಳಿನ ತುದಿಯಲ್ಲಿ ಇನ್ನೊಂದು ಗ್ರಾಹಕ. ನಮ್ಮ ಎರಡು ಕಣ್ಣುಗಳು ಒಂದೇ ವಸ್ತುವನ್ನು ತುಸು ಬೇರೆ ಬೇರೆ ಕೋನದಿಂದ ಕಂಡು ದೂರವನ್ನು ಅರಿಯುವಂತೆ, ಇವೆರಡೂ ನೆಲದಿಂದ ಮರಳಿದ ಅಲೆಗಳನ್ನು ಹಿಡಿದು ಎತ್ತರವನ್ನು ಅಳೆದವು. ಹನ್ನೊಂದು ದಿನಗಳಲ್ಲಿ ಭೂಮಿಯ ಒಣನೆಲದ ನೂರಕ್ಕೆ 80 ಪಾಲು ಮುಗಿಯಿತು. ಲ್ಯಾಂಬ್ಟನ್ ಸಾಹೇಬನು 1802ರಲ್ಲಿ ಮದ್ರಾಸಿನ ಬಳಿ ಆರಂಭಿಸಿದ ಮಹಾ ಮೋಜಣಿ ದಶಕಗಟ್ಟಲೆ ನಡೆದದ್ದನ್ನು ನೆನೆದರೆ ಈ ವೇಗವು ಬೆರಗು ಹುಟ್ಟಿಸುತ್ತದೆ. ಎಸ್‌ಆರ್‌ಟಿಎಂ ಎಂದು ಕರೆಯಲ್ಪಡುವ ಈ ಅಂಕಿಗಳನ್ನು ಇಂದು ಹೆಸರು ನೋಂದಾಯಿಸಿದ ಯಾರು ಬೇಕಾದರೂ ಕಾಸು ಕೊಡದೆ ಪಡೆಯಬಹುದು.

ಅವು ಬರುವದು ತುಂಡು ತುಂಡಾಗಿ. ಒಂದು ಡಿಗ್ರಿ ಅಕ್ಷಾಂಶ, ಒಂದು ಡಿಗ್ರಿ ರೇಖಾಂಶದ ಚೌಕಕ್ಕೆ ಒಂದು ಕಡತ. ಚೌಕದ ನೈಋತ್ಯ ಮೂಲೆಯೇ ಅದರ ಹೆಸರು. ನಮ್ಮ ಚೌಕದ ಹೆಸರು 'ಎನ್16ಇ074', ಅಂದರೆ ಉತ್ತರ 16 ಡಿಗ್ರಿ, ಪೂರ್ವ 74 ಡಿಗ್ರಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಕಾಗವಾಡ ನಾಲ್ಕೂ ಊರುಗಳು ಇದರೊಳಗೆ ಬೀಳುತ್ತವೆ. ಅಥಣಿಯೊಂದು ಬೀಳುವದಿಲ್ಲ! 75ನೆಯ ರೇಖಾಂಶವು ಅಥಣಿ ಪಟ್ಟಣಕ್ಕೆ ತುಸುವೇ ಪಶ್ಚಿಮದಲ್ಲಿ ಹಾಯ್ದುಹೋಗುವದರಿಂದ ಅದು ವಿಜಾಪುರದ ಜೊತೆಗೆ ಪಕ್ಕದ ಚೌಕಕ್ಕೆ ಸೇರಿತು. ಅಥಣಿಯ ಮಿತ್ರರು ಮುನಿಸಿಕೊಳ್ಳಬಾರದು. ಇದು ಹೊಸ ಅನ್ಯಾಯವೇನಲ್ಲ. ನಮ್ಮ ವಿಭಾಗದ ಗೋಡೆಯ ಮೇಲಿರುವ ಸರ್ವೇ ಆಫ್ ಇಂಡಿಯಾದ ಹಳೆಯ ಹಾಳೆಗಳ ಹಂಚಿಕೆಯಲ್ಲಿಯೂ ನಾಲ್ಕು ಊರುಗಳು 47 ಎಲ್ ಎಂಬ ಚೌಕದಲ್ಲಿದ್ದರೆ ಅಥಣಿಯು 47 ಪಿ ಚೌಕದಲ್ಲಿದೆ. ಅದೇ ಗೆರೆ, ಅದೇ ಅಗಲಿಕೆ.

ಒಂದು ಡಿಗ್ರಿಯಲ್ಲಿ 3600 ಸೆಕೆಂಡುಗಳು. ಪ್ರತಿ ಸೆಕೆಂಡಿಗೆ ಒಂದು ಎತ್ತರವನ್ನು ಬರೆದಿದ್ದಾರೆ. ಹತ್ತು ಅಂಕಣದ ಬೇಲಿಗೆ ಹನ್ನೊಂದು ಗೂಟ ಬೇಕಾಗುವಂತೆ, ಇಲ್ಲಿ ಸಾಲಿಗೆ 3601 ಅಂಕಿಗಳು, ಅಂಥ 3601 ಸಾಲುಗಳು. ಕೊನೆಯ ಗೂಟ ಪಕ್ಕದ ಚೌಕಕ್ಕೂ ಸೇರಿದ್ದು. ಒಂದೊಂದು ಅಂಕಿಗೆ ಎರಡು ಬೈಟಿನಂತೆ ಇಡೀ ಕಡತವು 2,59,34,402 ಬೈಟುಗಳಷ್ಟಾಗುತ್ತದೆ. ಇದಕ್ಕೆ ಒಂದು ಬೈಟು ಕಡಿಮೆಯಿದ್ದರೂ ಇಳಿಸಿಕೊಳ್ಳುವಾಗ ಕಡತ ಅರ್ಧಕ್ಕೆ ನಿಂತಿದೆಯೆಂದು ತಿಳಿಯಬೇಕು.

ಇಲ್ಲಿ ನನ್ನ ಮೊದಲನೆಯ ಮೂರ್ಖತನ. ಎನ್16ಇ074 ಎಂಬ ಹೆಸರು ನೆನಪಿನಲ್ಲಿ ಉಳಿಯದೆಂದು ನಾನು ಕಡತಕ್ಕೆ 'ಚಿಕ್ಕೋಡಿ' ಎಂದು ನಾಮಕರಣ ಮಾಡಿದೆನು. ಕ್ಯೂಜಿಐಎಸ್ ಎಂಬ ಧರ್ಮಾರ್ಥದ ನಕಾಶೆ ತಂತ್ರಾಂಶದೊಳಗೆ ಅದನ್ನು ತರಲು ಹೋದರೆ, ಇಂಥ ಕಡತದ ಗುರುತು ತನಗಿಲ್ಲವೆಂದು ಅದು ಕೈಚೆಲ್ಲಿತು. ಎರಡು ದಿನ ತಂತ್ರಾಂಶವನ್ನೇ ಬೈದೆನು. ಆಮೇಲೆ ತಿಳಿಯಿತು: ಈ ಬಗೆಯ ಕಡತದೊಳಗೆ ಬರೀ ಎತ್ತರಗಳಿವೆಯೇ ಹೊರತು, 'ನಾನು ಭೂಮಿಯ ಈ ಭಾಗದವನು' ಎಂದು ಹೇಳುವ ಒಂದಕ್ಷರವೂ ಇಲ್ಲ. ಊರು ಯಾವದೆಂಬುದು ಹೆಸರಿನಲ್ಲಿ ಮಾತ್ರ ಇದೆ. ಹೆಸರು ಅಳಿಸಿದರೆ ವಿಳಾಸವಿಲ್ಲದ ಲಕೋಟೆಯಾಗುತ್ತದೆ. ಹಳೆಯ ಹೆಸರನ್ನು ಮರಳಿ ಕೊಟ್ಟೊಡನೆ ಪರದೆಯ ಮೇಲೆ ಬೂದುಬಣ್ಣದ ಚೌಕವೊಂದು ತೆರೆಯಿತು. ಎಡಗಡೆಗೆ ಸಹ್ಯಾದ್ರಿಯ ಕಡೆ ಬೆಳ್ಳಗೆ, ಬಲಕ್ಕೆ ಬಂದಂತೆ ಕಪ್ಪಗೆ. ನಡುವೆ ಹಾವಿನಂತೆ ಹರಿದ ಕೃಷ್ಣೆ.

ಇನ್ನೊಂದು ಸಂಗತಿ. ಎರಡು ಬೈಟುಗಳಲ್ಲಿ ದೊಡ್ಡ ಸ್ಥಾನದ ಬೈಟು ಇಲ್ಲಿ ಮೊದಲು ಬರುವದು. ನಮ್ಮಲ್ಲಿಯ ಸಾಮಾನ್ಯ ಯಂತ್ರಗಳು ಚಿಕ್ಕದನ್ನು ಮೊದಲು ಓದುತ್ತವೆ. ಕ್ಯೂಜಿಐಎಸ್ ಇದನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಆದರೆ ವಿಜ್ಞಾನ ಶಾಖೆಯಲ್ಲಿ ಓದುವ ನನ್ನ ಗೆಳೆಯನು ಸ್ವಂತ ಕಾರ್ಯಕ್ರಮ ಬರೆದು ಓದಹೋಗಿ, 530 ಮೀಟರಿನ ನದೀದಂಡೆಯನ್ನು 4610 ಮೀಟರಿನ ಶಿಖರವಾಗಿಸಿದನು! ಲೆಕ್ಕ ಹಾಕಿ ನೋಡಿರಿ: 530 ಎಂದರೆ 2 ಸಲ 256, ಮೇಲೆ 18. ಅದನ್ನು ತಿರುವಿ 18 ಸಲ 256, ಮೇಲೆ 2 ಎಂದು ಓದಿದರೆ 4610.

ಇಷ್ಟಾದ ಮೇಲೆ ಅಥಣಿಯ ಚೌಕವನ್ನು ತಂದು ನಮ್ಮದಕ್ಕೆ ಹೊಲಿದೆನು. ತಂತ್ರಾಂಶದಲ್ಲಿ ಅದಕ್ಕೆ ಸಿದ್ಧ ಸಾಧನವಿದೆ. ನೆಳಲು-ಬೆಳಕಿನ ಚಿತ್ರ ತೆಗೆಯಲು ಹೋದರೆ ಮಾತ್ರ ಬಯಲುಸೀಮೆಯೆಲ್ಲ ಕಡಿದಾದ ಕಮರಿಯಂತೆ ಕಂಡಿತು. ಕಾರಣ ಸರಳ. ಎತ್ತರವು ಮೀಟರಿನಲ್ಲಿದೆ, ಅಡ್ಡಳತೆಯು ಡಿಗ್ರಿಯಲ್ಲಿದೆ. ಸುಮಾರು 30 ಮೀಟರಿನ ಅಂತರವು ಡಿಗ್ರಿಯಲ್ಲಿ 0.00028ರಷ್ಟು; ಅಷ್ಟರಲ್ಲಿ ಒಂದು ಮೀಟರು ಏರಿತೆಂದರೆ ಯಂತ್ರಕ್ಕೆ ಅದು ಗೋಡೆಯೇ ಸರಿ. ಆದ್ದರಿಂದ ಅಡ್ಡಳತೆಯನ್ನೂ ಮೀಟರಿಗೆ ತರಬೇಕು. ನಮ್ಮ ಸೀಮೆಗೆ ಯುಟಿಎಂ 43ನೆಯ ಉತ್ತರ ವಲಯ. ಇದರ ನಡುಗೆರೆಯೂ ಅದೇ 75ನೆಯ ರೇಖಾಂಶ. ಹೀಗೆ ಪರಿವರ್ತಿಸಿದ ಮೇಲೆ ಚಿತ್ರವು ನಿಜವಾಯಿತು. ಕೃಷ್ಣೆಗೂ ಘಟಪ್ರಭೆಗೂ ನಡುವೆ ಚಿಕ್ಕೋಡಿಯಿಂದ ರಾಯಬಾಗದ ಕಡೆಗೆ ಚಾಚಿದ ದಿಬ್ಬವು, ಬಸ್ಸಿನಲ್ಲಿ ಎಷ್ಟೋ ಸಲ ಹತ್ತಿಳಿದರೂ ನನಗೆ ತಿಳಿಯದಿದ್ದದ್ದು, ಅಲ್ಲಿ ಎಮ್ಮೆಯ ಬೆನ್ನಿನಂತೆ ಕಂಡಿತು. ಮೇಲೆ ತಾಲೂಕಿನ ಗಡಿಗಳನ್ನು ಹಾಸಿದೆನು. ಅವು 2011ರ ಜನಗಣತಿಯ ಕಾಲದವು. ಅವುಗಳಲ್ಲಿ ನಿಪ್ಪಾಣಿಯು ಇನ್ನೂ ಚಿಕ್ಕೋಡಿಯ ಹೊಟ್ಟೆಯಲ್ಲಿ, ಕಾಗವಾಡವು ಅಥಣಿಯ ಹೊಟ್ಟೆಯಲ್ಲಿ ಇದ್ದವು.

ಈಗ ಒಂದು ಅಪಾಯದ ವಿಷಯ. ನಮ್ಮ ದೇಶದ ಕಾರ್ಟೋಸ್ಯಾಟ್-1 ಉಪಗ್ರಹವು 2005ರ ಮೇ ತಿಂಗಳಲ್ಲಿ ಹಾರಿತು. ಅದರ ಚಿತ್ರಗಳಿಂದ ತಯಾರಾದ ಎತ್ತರದ ಅಂಕಿಗಳು ಇಸ್ರೋದ ಭುವನ್ ತಾಣದಲ್ಲಿ ದೊರೆಯುತ್ತವೆ. ನನ್ನ ಗೆಳೆಯನು ಅವನ್ನು ತಂದು, ಆಲಮಟ್ಟಿ ಜಲಾಶಯದ ಪೂರ್ಣಮಟ್ಟವಾದ 519.6 ಮೀಟರಿಗಿಂತ ಕೆಳಗಿನದಕ್ಕೆಲ್ಲ ನೀಲಿ ಬಣ್ಣ ಬಳಿದನು. ಕುಡಚಿ, ಉಗಾರ, ಯಡೂರ, ಕಲ್ಲೋಳ ಎಲ್ಲವೂ ಜಲಮಯ! ಆಲಮಟ್ಟಿಯ ಹಿನ್ನೀರೇ ಮಹಾಪೂರಕ್ಕೆ ಕಾರಣವೆಂದು ಸಾಂಗಲಿ-ಕೊಲ್ಹಾಪುರದವರು ದೂರುವದೂ, ನಮ್ಮವರು ಅಲ್ಲಗಳೆಯುವದೂ, 2010ರಲ್ಲಿ ನ್ಯಾಯಾಧಿಕರಣವು ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿದ್ದೂ ಎಲ್ಲರಿಗೂ ಗೊತ್ತಿದ್ದ ಸಂಗತಿ. ಈ ನೀಲಿ ನಕಾಶೆಯನ್ನು ಅವನು ಫೋನಿನಲ್ಲಿ ಹತ್ತು ಗುಂಪುಗಳಿಗೆ ಕಳಿಸುವವನಿದ್ದನು. ನಾನು ನನ್ನ ಅಂಕಿಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಎಲ್ಲ ಕಡೆಗೂ 60 ಮೀಟರಿಗಿಂತ ಹೆಚ್ಚಿನ ವ್ಯತ್ಯಾಸ. ತಪ್ಪು ಉಪಗ್ರಹದ್ದಲ್ಲ. ಆ ಅಂಕಿಗಳು ಸಮುದ್ರಮಟ್ಟದಿಂದ ಎಣಿಸಿದವುಗಳಲ್ಲ. ಭೂಮಿಯನ್ನು ನಯವಾದ ದೀರ್ಘಗೋಲವೆಂದು ಭಾವಿಸಿ ಅದರ ಮೈಯಿಂದ ಎಣಿಸಿದವು. ಭಾರತದ ದಕ್ಷಿಣಭಾಗದಲ್ಲಿ ಗುರುತ್ವವು ಕಡಿಮೆಯಾದ್ದರಿಂದ ನಿಜವಾದ ಸಮುದ್ರಮಟ್ಟವು ಆ ಗೋಲದ ಮೈಗಿಂತ ಬಹಳ ತಗ್ಗಿನಲ್ಲಿದೆ. ಆಣೆಕಟ್ಟಿನ ಮಟ್ಟವನ್ನು ಒಂದು ಅಳತೆಗೋಲಿನಿಂದಲೂ ನೆಲವನ್ನು ಇನ್ನೊಂದರಿಂದಲೂ ಅಳೆದರೆ ಊರುಗಳು ಮುಳುಗದೆ ಏನು ಮಾಡಿಯಾವು? ಎಸ್‌ಆರ್‌ಟಿಎಂ ಅಂಕಿಗಳು ಸಮುದ್ರಮಟ್ಟಕ್ಕೆ ಹೊಂದಿಸಿದವು. ಗೆಳೆಯನು ಆ ನಕಾಶೆಯನ್ನು ಅಳಿಸಿದನು. ಸರಿಪಡಿಸಿದ ನಕಾಶೆಯಿಂದಲೂ ಆ ವಾದವು ತೀರಲಾರದೆಂಬುದು ಬೇರೆ ಮಾತು. ಹರಿಯುವ ಪೂರದ ನೀರು ಕೆರೆಯಂತೆ ಸಮತಲವಾಗಿರುವದಿಲ್ಲ, ಮೇಲಿನಿಂದ ಕೆಳಕ್ಕೆ ಇಳಿಜಾರಾಗಿರುತ್ತದೆ.

ಇರಲಿ, ಕಾಕಾ ಅವರ ಪ್ರಶ್ನೆಗೆ ಬರೋಣ. ನಕಾಶೆಯಲ್ಲಿ ಹಳೆಯ ಮನೆಯ ಮೇಲೆ ಒತ್ತಿದರೆ 536, ಹೊಸ ಜಾಗದ ಮೇಲೆ ಒತ್ತಿದರೆ 539. ಮೂರು ಮೀಟರ್ ಎತ್ತರ! ನಾನು ಹಿಗ್ಗಿನಿಂದ ಫೋನು ಕೈಗೆತ್ತಿಕೊಂಡೆನು. ಆಗ ಪಕ್ಕದ ಕಬ್ಬಿನ ಹೊಲದ ಮೇಲೆಯೂ ಒತ್ತಿ ನೋಡೋಣವೆನಿಸಿತು. ಅಲ್ಲಿಯೂ 539. ಆ ಹೊಲವು ಊರಿಗಿಂತ ತಗ್ಗಿನಲ್ಲಿದೆಯೆಂದು ನಮ್ಮೂರ ಕರುವಿಗೂ ಗೊತ್ತು.

ಆಗ ನಾನು ಮೊದಲೇ ಯೋಚಿಸಬೇಕಾಗಿದ್ದನ್ನು ಯೋಚಿಸಿದೆನು. ಒಂದು ಅಂಕಿಯು ಪ್ರತಿನಿಧಿಸುವದು 30 ಮೀಟರ್ ಚೌಕವನ್ನು, ಅಂದರೆ ಹೆಚ್ಚುಕಡಿಮೆ ಒಂಬತ್ತು ಗುಂಟೆಯನ್ನು. ಅದರಲ್ಲಿ ಕಾಕಾ ಅವರ ಮನೆ, ನೆರೆಯವರ ಮನೆ, ದನದ ಕೊಟ್ಟಿಗೆ, ಬೇವಿನ ಮರ ಎಲ್ಲವೂ ಸೇರಿವೆ. ರೇಡಾರಿನ ಆ ಅಲೆಯು ಐದೂವರೆ ಸೆಂಟಿಮೀಟರಿನಷ್ಟು ಚಿಕ್ಕದು. ಅದು ಎಲೆಗಳ ನಡುವೆ ತೂರಿ ನೆಲವನ್ನು ಮುಟ್ಟುವದು ಕಷ್ಟ. ಫೆಬ್ರುವರಿಯೆಂದರೆ ನಮ್ಮ ಕಡೆ ಕಬ್ಬು ಕಡಿಯುವ ಹಂಗಾಮು. ಒಂದು ಹೊಲ ಬೋಳು, ಪಕ್ಕದ್ದು ಆಳೆತ್ತರಕ್ಕಿಂತ ಹೆಚ್ಚು. ಮೇಲಾಗಿ ಅಂಕಿಗಳೆಲ್ಲ ಪೂರ್ಣ ಮೀಟರುಗಳು, ಮತ್ತು ಕೆಲವು ಮೀಟರುಗಳ ತಪ್ಪು ಅವುಗಳಲ್ಲಿ ಸಹಜವೆಂದು ತಯಾರಿಸಿದವರೇ ಒಪ್ಪುತ್ತಾರೆ. ದಿಬ್ಬವನ್ನು ಗುರುತಿಸಲು ಇವು ಸಾಕು. ಹೊಸ್ತಿಲನ್ನು ಗುರುತಿಸಲು ಸಾಲವು. ಅರ್ಧ ಮೀಟರಿನ ಅಂತರದಲ್ಲಿ ಸಮೋನ್ನತ ರೇಖೆ ಎಳೆಯೆಂದರೆ ತಂತ್ರಾಂಶವು ಚಂದಾಗಿ ಎಳೆದು ಕೊಡುತ್ತದೆ. ಆ ರೇಖೆಗಳಿಗೆ ನೆಲದಲ್ಲಿ ಆಧಾರವಿಲ್ಲ, ಅಷ್ಟೆ.

ನಾನು ಊರಿಗೆ ಹೋಗಿ ಇದನ್ನೆಲ್ಲ ಹೇಳಿದೆನು. ಕಾಕಾ ತುಸು ಹೊತ್ತು ಸುಮ್ಮನಿದ್ದು, "ಹಂಗಾರ ಇಷ್ಟ ದಿನಾ ಏನ ಮಾಡಿದಿ?" ಎಂದರು. ಉತ್ತರವಿರಲಿಲ್ಲ. ಬದಿಗೆ ಕುಳಿತಿದ್ದ ಗೌಂಡಿ ಮಾವ ನಗುತ್ತ, "ಗುಡಿ ಗ್ವಾಡಿಗೆ ಆ ಸಾಲಿನ ನೀರಿನ ಗುರತ ಐತೆಲ್ಲ, ಪೈಪ ತರತೇನ ತಡೀರಿ" ಎಂದರು.

ಒಳಗಿನ ನೀರು ಕಾಣುವಂಥ ಕೊಳವೆಯದು. ಎರಡೂ ತುದಿಯ ನೀರು ಒಂದೇ ಮಟ್ಟದಲ್ಲಿ ನಿಲ್ಲುವದರಿಂದ, ಗುಡಿಯ ಗೋಡೆಯ ಮೇಲೆ 2019ರಲ್ಲಿ ಹಚ್ಚಿದ ಕೆಂಪು ಗುರುತನ್ನು ನಲವತ್ತು ನಲವತ್ತು ಅಡಿಗಳಂತೆ ಮುಂದೆ ಒಯ್ಯಬಹುದು. ನಾನು ಒಂದು ತುದಿಯನ್ನು ಹಿಡಿದೆನು, ಮಾವ ಇನ್ನೊಂದನ್ನು. ಮಧ್ಯಾಹ್ನದೊಳಗೆ ಲೆಕ್ಕ ಮುಗಿಯಿತು. ಹಳೆಯ ಮನೆಯ ಪಾಯವು ಆ ಗುರುತಿಗಿಂತ 5 ಅಡಿ ಕೆಳಗೆ. ಹೊಸ ಜಾಗದ ನೆಲವು 2 ಅಡಿ 8 ಅಂಗುಲ ಕೆಳಗೆ. ಎರಡರ ನಡುವಿನ ಅಂತರ 2 ಅಡಿ 4 ಅಂಗುಲ, ಅಂದರೆ 71 ಸೆಂಟಿಮೀಟರ್. ನನ್ನ ಅಂಕಿಗಳ ಒಂದು ಮೀಟರಿನ ಮೆಟ್ಟಿಲಿಗಿಂತಲೂ ಚಿಕ್ಕದು.

ಕಾಕಾ ಹೊಸ ಜಾಗದಲ್ಲಿ ನಾಲ್ಕು ಅಡಿಯ ಪಾಯ ಎತ್ತಿಸಿದ್ದಾರೆ. ಪೂರ ಬಂದಾಗ ದನಗಳನ್ನು ಯಾವ ದಾರಿಯಿಂದ ಚಿಕ್ಕೋಡಿಯ ದಿಬ್ಬದ ಕಡೆಗೆ ಹೊಡೆದುಕೊಂಡು ಹೋಗಬೇಕೆಂಬುದನ್ನು ಮಾತ್ರ ನನ್ನ ನಕಾಶೆಯನ್ನು ನೋಡಿ ಗೊತ್ತುಮಾಡಿಕೊಂಡರು. ಅದರ ಒಂದು ಪ್ರತಿಯನ್ನು ಅವರ ತಗಡಿನ ಶೆಡ್ಡಿನ ಗೋಡೆಗೆ ಅಂಟಿಸಿ ಬಂದಿದ್ದೇನೆ.